ಆಸ್ಕರ್ ಮೀನಿನ ಮರಿಗೆ ದುಡ್ಡು ಕೊಡೋ ಮೊದಲು ಮನೆಯ ನೆಲ ಅಳೆಯಿರಿ

"ಟ್ಯಾಂಕ್ ಎಷ್ಟು ದೊಡ್ಡದೋ ಮೀನು ಅಷ್ಟೇ ಬೆಳೆಯೋದು ಸಾರ್" ಅನ್ನೋ ಮಾತು ಮುಂಬಯಿಯ ಅಂಗಡಿಗಳಲ್ಲಿ ಇನ್ನೂ ಓಡ್ತಾ ಇದೆ. ಶುದ್ಧ ಸುಳ್ಳು. ಇಕ್ಕಟ್ಟಿನಲ್ಲಿ ಮೀನು ಕುಳ್ಳಾಗಿ ಉಳಿಯೋದು ಹೊಂದಾಣಿಕೆಯಲ್ಲ, ಹೊಲಸು ನೀರಿನಿಂದ ಬರೋ ಕಾಯಿಲೆ. ಬೆನ್ನು ಸೊಟ್ಟಗಾಗುತ್ತೆ, ಹತ್ತು ವರ್ಷ ಬಾಳಬೇಕಾದ ಆಸ್ಕರ್ ಎರಡು ಮೂರು ವರ್ಷಕ್ಕೇ ಮುಗಿಯುತ್ತೆ.

ಕ್ರಾಫರ್ಡ್ ಮಾರ್ಕೆಟ್ಟಿನಲ್ಲೋ ಕುರ್ಲಾದಲ್ಲೋ ಕಾಣೋ ಎರಡಿಂಚಿನ ಆಸ್ಕರ್ ಮರಿ ಮೊದಲ ವರ್ಷ ತಿಂಗಳಿಗೆ ಹತ್ತಿರಹತ್ತಿರ ಒಂದಿಂಚು ಬೆಳೆದು 30 ಸೆಂ.ಮೀ. ಮುಟ್ಟುತ್ತೆ. ಸಿಲ್ವರ್ ಅರೋವಾನ 75ರಿಂದ 90 ಸೆಂ.ಮೀ. ರೆಡ್‌ಟೇಲ್ ಕ್ಯಾಟ್‌ಫಿಶ್ ಮೀಟರ್ ದಾಟುತ್ತೆ. 'ಶಾರ್ಕ್' ಅಂತ ಮಾರೋ ಪಂಗಾಸಿಯಸ್ಸೂ ಅಷ್ಟೇ. (ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರೋದೂ ಹೆಚ್ಚಾಗಿ ಅದೇ ಮೀನು!) ಕೊನೆಯ ಎರಡನ್ನು ಫ್ಲ್ಯಾಟಿನಲ್ಲಿ ಸಾಕೋ ಮಾತೇ ಬೇಡ.

ಲೀಟರ್ ಲೆಕ್ಕ ಆಮೇಲೆ, ಮೊದಲು ಅಗಲ ನೋಡಿ. ಪೂರ್ತಿ ಬೆಳೆದ ಮೀನಿನ ಉದ್ದದ ಒಂದೂವರೆ ಪಟ್ಟು ಅಗಲ, ನಾಲ್ಕು ಪಟ್ಟು ಉದ್ದ ಇದ್ದರೆ ಮೀನು ಮೈ ಬಾಗಿಸದೆ ತಿರುಗುತ್ತೆ. ಒಂದು ಆಸ್ಕರಿಗೆ 4×1.5×1.5 ಅಡಿ, ಅಂದರೆ ಸುಮಾರು 255 ಲೀಟರ್, ತೀರಾ ಕನಿಷ್ಠ. ಜೋಡಿಗೆ 6×2×2 ಅಡಿ, ಸುಮಾರು 680 ಲೀಟರ್. ಅರೋವಾನಗೆ ಈ ಲೆಕ್ಕದಷ್ಟು ಜಾಗ ಸಿಗದಿದ್ದರೂ, ಎಂಟಡಿ ಉದ್ದ ಮೂರಡಿ ಅಗಲಕ್ಕಿಂತ ಕಮ್ಮಿ ಇದ್ದರೆ ತರಲೇಬೇಡಿ. ಎತ್ತರದ ಟ್ಯಾಂಕ್ ಷೋಕಿಗೆ ಚೆನ್ನ, ಈ ಮೀನುಗಳಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಇನ್ನು ನೆಲ. ಆರಡಿ ಟ್ಯಾಂಕಿಗೆ 12 ಮಿ.ಮೀ. ಗಾಜು ಹಾಕಿದರೆ ಗಾಜೇ 120 ಕೆ.ಜಿ. ಆಗುತ್ತೆ. ನೀರು, ಕಲ್ಲು, ಸ್ಟ್ಯಾಂಡ್ ಸೇರಿ 850 ಕೆ.ಜಿ. ದಾಟುತ್ತೆ, ಅದೂ ಒಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗದ ಮೇಲೆ. ವಾಸದ ಕೋಣೆಯ ನೆಲವನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊರೆಗೆ ಲೆಕ್ಕ ಹಾಕಿರ್ತಾರೆ. ಹಾಗಂತ ನಾಳೆಯೇ ಕುಸಿಯೋದಿಲ್ಲ, ಹೊರೆ ಇಡೀ ಸ್ಲ್ಯಾಬಿಗೆ ಹಂಚಿಹೋಗುತ್ತೆ. ಆದರೆ ಕೋಣೆಯ ನಡುವೆ ಇಡಬೇಡಿ, ಬೀಮ್ ಇರೋ ಗೋಡೆಗೆ ಒತ್ತಿ ಇಡಿ, ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ. ಮರದ ತೊಲೆಯ ಹಳೇ ಚಾಳಿನಲ್ಲಿ (ಸಾಲುಮನೆಗಳ ಕಟ್ಟಡದಲ್ಲಿ) ಇದರ ಯೋಚನೆಯೂ ಬೇಡ.

ಮುಂಬಯಿಯಲ್ಲಿ ದೊಡ್ಡ ಮೀನು ಸಾಯೋದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಅಂಗಡಿಯವರು ಹೇಳೋದೇ ಇಲ್ಲ. ಬಿಎಂಸಿ, ಅಂದರೆ ಮುಂಬಯಿ ಕಾರ್ಪೊರೇಷನ್, ಕೊಡೋದು ಕೆರೆ-ಜಲಾಶಯದ ಮೆದು ನೀರು, ಅದರಲ್ಲಿ ಕ್ಷಾರದ ಅಂಶ ಕಮ್ಮಿ. ದೊಡ್ಡ ಮೀನು ತಿನ್ನೋದು ಜಾಸ್ತಿ, ಬಿಡೋ ಅಮೋನಿಯವೂ ಜಾಸ್ತಿ. ಅದನ್ನು ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ನೀರಿನ ಕ್ಷಾರವನ್ನು ತಿಂದುಹಾಕುತ್ತೆ. ಚಿಕ್ಕ ಟ್ಯಾಂಕಿನಲ್ಲಿ ಇದು ಬೇಗ ಖಾಲಿಯಾಗಿ ಪಿಎಚ್ 6ಕ್ಕಿಂತ ಕೆಳಗೆ ಇಳಿಯುತ್ತೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತೆ. ಆಗ ಅಮೋನಿಯ ಸೇರ್ತಾ ಹೋದರೂ ಆಮ್ಲದ ನೀರಿನಲ್ಲಿ ಅದು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿ ಇರೋದರಿಂದ ಮೀನು ಹೇಗೋ ತಡೆಕೊಳ್ಳುತ್ತೆ. ಭಾನುವಾರ ಯಜಮಾನರು ಅರ್ಧ ಟ್ಯಾಂಕ್ ಹೊಸ ನೀರು ಹಾಕ್ತಾರೆ, ಪಿಎಚ್ ಜಿಗಿಯುತ್ತೆ, ಅಮೋನಿಯಂ ವಿಷವಾಗಿ ತಿರುಗುತ್ತೆ, ಸಂಜೆಗೆ ಮೀನು ಮೇಲೆ ತೇಲುತ್ತೆ. ಆಮೇಲೆ ಬೈಗುಳ ಮಾತ್ರ ಕಾರ್ಪೊರೇಷನ್ ನೀರಿಗೆ!

ಹಾಗಾಗಿ ಪಿಎಚ್ ಜೊತೆಗೆ ಕೆಎಚ್ (ನೀರಿನ ಕ್ಷಾರದ ಅಳತೆ) ನೋಡೋ ಕಿಟ್ಟೂ ತಗೊಳ್ಳಿ. ಕೆಎಚ್ 3 ಡಿಗ್ರಿಗಿಂತ ಇಳಿದರೆ ಕುದಿಸಿ ಒಣಗಿಸಿದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪಿನ ಚೂರನ್ನು ಜಾಲರಿ ಚೀಲದಲ್ಲಿ ತುಂಬಿ ಫಿಲ್ಟರಿನಲ್ಲಿ ಇಡಿ, ನಮ್ಮ ಕರಾವಳಿಯವರ ಮನೆಯಲ್ಲಿ ಚಿಪ್ಪಿಗೇನು ಬರ! ಪಿಎಚ್ ಈಗಾಗಲೇ ಬಿದ್ದಿದ್ದರೆ ಮಾತ್ರ ಅವಸರ ಬೇಡ. ತಿಂಡಿ ನಿಲ್ಲಿಸಿ, ದಿನಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸ್ತಾ ಬನ್ನಿ. ಎಲ್ಲ ಸರಿ ಇರೋ ಟ್ಯಾಂಕಿಗೆ ವಾರಕ್ಕೆ 30ರಿಂದ 40 ಶೇಕಡ, ಕ್ಲೋರಿನ್ ತೆಗೆದ ನೀರು. ಪಂಪು ಗಂಟೆಗೆ ಟ್ಯಾಂಕಿನ ಆರೇಳು ಪಟ್ಟು ನೀರು ತಿರುಗಿಸಬೇಕು. 680 ಲೀಟರಿಗೆ 4,000ದಿಂದ 5,000 ಲೀಟರಿನದ್ದು ಬೇಕು. ಹೀಟರ್ ಮುಂಬಯಿಗೆ ಬೇಕಾಗೋದು ಅಪರೂಪ. ಪುಣೆಯ ಡಿಸೆಂಬರ್ ರಾತ್ರಿಗೆ ಬೇಕು, ಆದರೆ ಆಸ್ಕರ್ ಅದನ್ನು ಗುದ್ದಿ ಒಡೆಯುತ್ತೆ, ಪ್ಲಾಸ್ಟಿಕ್ ಗಾರ್ಡ್ ಹಾಕಿ. ಅರೋವಾನ ಜಿಗಿಯುತ್ತೆ, ಮುಚ್ಚಳಕ್ಕೆ ಭಾರ ಇರಲಿ.

ಟ್ಯಾಂಕ್ ಮಾಡೋನಿಗೆ ಅಡ್ವಾನ್ಸ್ ಕೊಡೋ ಮುಂಚೆ ಸೊಸೈಟಿಯ ಲಿಫ್ಟು, ಮೆಟ್ಟಿಲಿನ ತಿರುವು ಎರಡನ್ನೂ ಟೇಪಿನಿಂದ ಅಳೆಯಿರಿ. ಆರಡಿ ಗಾಜಿನ ಪೆಟ್ಟಿಗೆ ನಮ್ಮ ಹಳೇ ಬಿಲ್ಡಿಂಗುಗಳ ಲಿಫ್ಟಿಗೆ ಹಿಡಿಯೋದೇ ಇಲ್ಲ. ಗಾಜಿನ ಹಲಗೆ ಮೇಲೆ ತರಿಸಿ ಮನೆಯಲ್ಲೇ ಸಿಲಿಕಾನ್ ಹಚ್ಚಿಸಿ. ಫಂಗಸ್ ತಡೆಯೋ ಬಾತ್ರೂಮ್ ಸಿಲಿಕಾನ್ ಬೇಡ, ಅದು ಮೀನಿಗೆ ವಿಷ. ಒಂದು ವಾರ ಒಣಗಲಿ, ಆಮೇಲೆ ಎರಡು ದಿನ ತುಂಬಿಸಿಟ್ಟು ಸೋರಿಕೆ ನೋಡಿ, ಕೆಳಗಿನ ಮನೆಯವರಿಗೂ ಒಂದು ಮಾತು ಹೇಳಿಡಿ.