ಅಡಿಕೆ ದರದ ಆ್ಯಪ್‌ಗೆ ಸರ್ವರ್‌ಲೆಸ್ ಬೇಕೇ? ಪರ ಮತ್ತು ವಿರೋಧ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ದರವನ್ನು ಬೆಳೆಗಾರರ ಮೊಬೈಲಿಗೆ ಮುಟ್ಟಿಸುವ, ಸಹಕಾರಿ ಸಂಘವೊಂದರ ವೆಬ್ ಆ್ಯಪ್ ಇದೆ ಎಂದು ಇಟ್ಟುಕೊಳ್ಳೋಣ. ಅದರ ಮುಂಭಾಗ (ಫೋನಿನಲ್ಲಿ ಕಾಣುವ ಪುಟ) ರಿಯಾಕ್ಟ್‌ನಲ್ಲಿ, ಹಿಂಭಾಗ (ಸರ್ವರಿನಲ್ಲಿ ಓಡುವ ಕೋಡ್) ನೋಡ್ ಜೆಎಸ್‌ನಲ್ಲಿ ಇದೆ; ಎರಡೂ ಜಾವಾಸ್ಕ್ರಿಪ್ಟ್ ಸಾಧನಗಳು. ದರಪಟ್ಟಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ನೋಡಿಕೊಳ್ಳುವವರು ಬೇರೆ ಉದ್ಯೋಗವಿರುವ ಇಬ್ಬರು ಮೂವರು. ಇದನ್ನು ಕ್ಲೌಡ್‌ನಲ್ಲಿ ಸರ್ವರ್‌ಲೆಸ್ ಫಂಕ್ಷನ್‌ಗಳಾಗಿ (ಸರ್ವರಿನ ಆರೈಕೆಯನ್ನು ಕ್ಲೌಡ್ ಕಂಪನಿಗೇ ಬಿಟ್ಟು, ಕರೆದಾಗ ಮಾತ್ರ ಓಡುವ ಕೋಡ್ ತುಣುಕುಗಳಾಗಿ) ಡಿಪ್ಲಾಯ್ ಮಾಡಬೇಕೋ ಅಥವಾ ತಿಂಗಳ ಬಾಡಿಗೆಯ ಒಂದು ವರ್ಚುವಲ್ ಮಷಿನ್ (ಸದಾ ಓಡುವ, ನಾವೇ ನೋಡಿಕೊಳ್ಳುವ ಸರ್ವರ್) ಮೇಲೆ ಓಡಿಸಬೇಕೋ ಎಂಬುದು ಪ್ರಶ್ನೆ. ನನ್ನ ಒಲವು ಎರಡನೆಯದರ ಕಡೆಗಿದೆ. ಆದರೆ ಮೊದಲ ಪಕ್ಷದ ವಾದ ತಳ್ಳಿಹಾಕುವಂಥದ್ದಲ್ಲ.

ಪರ

ದರ ನೋಡುವ ಜನ ದಿನವಿಡೀ ಸಮನಾಗಿ ಬರುವುದಿಲ್ಲ. ಟೆಂಡರ್ ಮುಗಿದು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ದರ ಹೊರಬಿದ್ದ ಹೊತ್ತಿಗೆ ಎಲ್ಲರೂ ಒಮ್ಮೆಲೇ ಮೊಬೈಲ್ ತೆರೆಯುತ್ತಾರೆ. ರಾತ್ರಿಯಲ್ಲೂ ಮಾರುಕಟ್ಟೆಗೆ ರಜೆಯಿರುವ ದಿನಗಳಲ್ಲೂ ಬಾಡಿಗೆಯ ಸರ್ವರ್ ಕೆಲಸವಿಲ್ಲದೆ ಓಡುತ್ತಿರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಬೇಕಾಗುವಷ್ಟು ಬಸ್ಸುಗಳನ್ನು ಶಿರಸಿಯಲ್ಲಿ ವರ್ಷವಿಡೀ ನಿಲ್ಲಿಸಿಕೊಳ್ಳುವವರಿಲ್ಲ. ಸರ್ವರ್‌ಲೆಸ್ ವ್ಯವಸ್ಥೆಯಲ್ಲಿ ಕೋರಿಕೆ ಬಂದಾಗ ಮಾತ್ರ ಕೋಡ್ ಓಡುತ್ತದೆ, ಓಡಿದಷ್ಟಕ್ಕೆ ಮಾತ್ರ ಹಣ. ಅಮೆಜಾನ್ 2014ರಲ್ಲಿ ತನ್ನ ಸರ್ವರ್‌ಲೆಸ್ ಸೇವೆಯಾದ ಲ್ಯಾಂಬ್ಡಾವನ್ನು ಪ್ರಕಟಿಸಿದಾಗ ಅದು ಮೊದಲು ಓಡಿಸಿದ್ದೇ ನೋಡ್ ಜೆಎಸ್ ಕೋಡನ್ನು. ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಇದು ಅಪರಿಚಿತ ಜಾಗವಲ್ಲ. ತಿಂಗಳಿಗೆ 10 ಲಕ್ಷ ಕೋರಿಕೆ ಮತ್ತು 4 ಲಕ್ಷ ಜಿಬಿ-ಸೆಕೆಂಡ್‌ವರೆಗೆ (1 ಜಿಬಿ ಮೆಮೊರಿಯನ್ನು ಒಂದು ಸೆಕೆಂಡ್ ಬಳಸಿದರೆ ಒಂದು ಜಿಬಿ-ಸೆಕೆಂಡ್) ಲ್ಯಾಂಬ್ಡಾ ಶುಲ್ಕ ಕೇಳುವುದಿಲ್ಲ. ಐದು ಸಾವಿರ ಬೆಳೆಗಾರರು ದಿನಕ್ಕೆ ನಾಲ್ಕು ಬಾರಿ ದರ ನೋಡಿದರೆ ತಿಂಗಳಿಗೆ 6 ಲಕ್ಷ ಕೋರಿಕೆಯಾಗುತ್ತದೆ; ಪ್ರತಿಯೊಂದೂ 512 ಎಂಬಿ ಮೆಮೊರಿಯಲ್ಲಿ 200 ಮಿಲಿಸೆಕೆಂಡ್ ಓಡಿತೆಂದರೂ ಲೆಕ್ಕ ಸುಮಾರು 60 ಸಾವಿರ ಜಿಬಿ-ಸೆಕೆಂಡ್‌ಗೆ ನಿಲ್ಲುತ್ತದೆ.

ಹಣಕ್ಕಿಂತ ದೊಡ್ಡ ಮಾತು ಆರೈಕೆಯದು. ವರ್ಚುವಲ್ ಮಷಿನ್ ಎಂದರೆ ಅದರ ಆಪರೇಟಿಂಗ್ ಸಿಸ್ಟಮ್‌ನ ಭದ್ರತಾ ಅಪ್‌ಡೇಟ್, ಲಾಗ್ ತುಂಬಿ ಡಿಸ್ಕ್ ಉಸಿರುಗಟ್ಟದಂತೆ ನೋಡಿಕೊಳ್ಳುವುದು, ಫೈರ್‌ವಾಲ್, ಬ್ಯಾಕಪ್ ಎಲ್ಲವೂ ನಮ್ಮ ತಲೆಯ ಮೇಲೆ. ಇದನ್ನೆಲ್ಲ ಬಲ್ಲ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾನೆ; ಹಬ್ಬಕ್ಕೆ ಊರಿಗೆ ಬಂದನೆಂದರೆ ತೋಟದಲ್ಲಿ ಅವನ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಸರ್ವರ್‌ಲೆಸ್ ವೇದಿಕೆಗಳಲ್ಲಿ ಕೋಡನ್ನು ಗಿಟ್‌ಗೆ (ಕೋಡಿನ ಆವೃತ್ತಿಗಳನ್ನು ಕಾಪಿಡುವ ವ್ಯವಸ್ಥೆಗೆ) ಪುಶ್ ಮಾಡಿದರೆ ಬಿಲ್ಡ್ (ಓಡಿಸಲು ಸಿದ್ಧವಾದ ಕಡತಗಳ ತಯಾರಿ) ತಾನಾಗಿ ನಡೆಯುತ್ತದೆ, ಪ್ರತಿ ಬದಲಾವಣೆಗೂ ಪ್ರತ್ಯೇಕ ಪ್ರಿವ್ಯೂ ವಿಳಾಸ ಸಿಗುತ್ತದೆ, ಹೊಸ ಆವೃತ್ತಿ ಕೆಟ್ಟರೆ ಹಳೆಯದಕ್ಕೆ ಮರಳುವುದು ಒಂದು ಕ್ಲಿಕ್ಕಿನ ಕೆಲಸ. ರಾಶಿಯ ದರ ಚಾಲಿಯ ಸಾಲಿನಲ್ಲಿ ಕಾಣಿಸಿಕೊಂಡ ದಿನ ಆ ಒಂದು ಕ್ಲಿಕ್ಕಿನ ಬೆಲೆ ಗೊತ್ತಾಗುತ್ತದೆ.

ಕೋಲ್ಡ್ ಸ್ಟಾರ್ಟ್ ಬಗ್ಗೆ ದೂರುವವರಿದ್ದಾರೆ. ಸುಮ್ಮನಿದ್ದ ಫಂಕ್ಷನ್ ಮೊದಲ ಕೋರಿಕೆಗೆ ತಡವರಿಸುವುದು ನಿಜ. ಆದರೆ ಇಎಸ್‌ಬಿಲ್ಡ್‌ನಂಥ ಸಾಧನದಿಂದ ಹಿಂಭಾಗದ ಕೋಡನ್ನೂ ಒಂದೇ ಸಣ್ಣ ಕಡತವಾಗಿ ಕಟ್ಟಿ, ಬೇಡದ ಪ್ಯಾಕೇಜ್‌ಗಳನ್ನು ಕಳಚಿದರೆ ಆ ತಡ ಬಹಳಷ್ಟು ತಗ್ಗುತ್ತದೆ. ಲ್ಯಾಂಬ್ಡಾದಲ್ಲಿ ಮೆಮೊರಿ ಹೆಚ್ಚಿಸಿದಂತೆ ಸಿಪಿಯು ಪಾಲೂ ಹೆಚ್ಚುತ್ತದೆ. 1,769 ಎಂಬಿಗೆ ಒಂದು ಪೂರ್ಣ ವಿಸಿಪಿಯು (ವರ್ಚುವಲ್ ಸಿಪಿಯು) ದೊರೆಯುತ್ತದೆ. ಬೆಳಗಿನ ಮೊದಲ ಬೆಳೆಗಾರ ಒಂದು ಗಳಿಗೆ ಕಾದರೆ ಆಕಾಶ ಬೀಳುವುದಿಲ್ಲ.

ವಿರೋಧ

ಮೇಲಿನ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಕೇಳಬೇಕಾದ ಪ್ರಶ್ನೆಯನ್ನೇ ಬಿಟ್ಟಿದೆ. ಐದು ಸಾವಿರ ಜನ ಕೇಳುವುದು ಒಂದೇ ಸಂಗತಿಯನ್ನು, ಉತ್ತರವೂ ಒಂದೇ; ಮಾರುಕಟ್ಟೆಯೊಂದರ ದರ ದಿನಕ್ಕೊಮ್ಮೆ ಬದಲಾಗುತ್ತದೆ. ಹೀಗಿರುವಾಗ ಪ್ರತಿ ಕೋರಿಕೆಗೂ ಕೋಡ್ ಓಡಿಸುವುದೇಕೆ? ಸಂಘದ ಕಚೇರಿಯವರು ದರ ಸೇರಿಸಿದ ಕೂಡಲೇ ಕೆಲವೇ ಕೆಬಿಯ ಒಂದು ಜೆಸನ್ (ದತ್ತಾಂಶವನ್ನು ಸರಳ ಪಠ್ಯವಾಗಿ ಇಡುವ) ಕಡತ ಬರೆದಿಟ್ಟು, ಅದನ್ನು ಸಿಡಿಎನ್ (ಕಡತದ ಪ್ರತಿಗಳನ್ನು ಬಳಕೆದಾರರ ಹತ್ತಿರದ ಸರ್ವರ್‌ಗಳಲ್ಲಿ ಇಡುವ ಜಾಲ) ಮೂಲಕ ಹಂಚಿ, ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ಹೇಳುವ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ಒಂದು ನಿಮಿಷದ ಅವಧಿಯನ್ನೂ ಹಳೆಯ ಪ್ರತಿಯನ್ನು ಕೊಡುತ್ತಲೇ ಹೊಸದನ್ನು ತರಿಸುವ ಸ್ಟೇಲ್-ವೈಲ್-ರಿವ್ಯಾಲಿಡೇಟ್ ಸೂಚನೆಯನ್ನೂ ಕೊಟ್ಟರೆ ಟೆಂಡರ್ ಹೊತ್ತಿನ ನೂಕುನುಗ್ಗಲು ನಮ್ಮ ಸರ್ವರಿನವರೆಗೆ ಬರುವುದೇ ಇಲ್ಲ. ಉಳಿದ ಚಿಲ್ಲರೆ ಕೋರಿಕೆಗಳಿಗೆ ಒಂದು ನೋಡ್ ಪ್ರಕ್ರಿಯೆ ಧಾರಾಳವಾಯಿತು. ಅನೇಕ ಸಣ್ಣ ಕೋರಿಕೆಗಳನ್ನು ಒಂದೇ ಈವೆಂಟ್ ಲೂಪ್‌ನಲ್ಲಿ (ಒಂದರ ಉತ್ತರಕ್ಕೆ ಕಾಯುತ್ತಾ ನಿಲ್ಲದೆ ಮುಂದಿನದನ್ನು ಎತ್ತಿಕೊಳ್ಳುವ ಸುತ್ತಿನಲ್ಲಿ) ನಿಭಾಯಿಸುವ ಸಲುವಾಗಿಯೇ ನೋಡ್ 2009ರಲ್ಲಿ ಹುಟ್ಟಿದ್ದು.

ನೂಕುನುಗ್ಗಲಿಗೆ ಸರ್ವರ್‌ಲೆಸ್ಸೇ ಮದ್ದು ಎನ್ನುವವರು ಡೇಟಾಬೇಸ್ ಕಡೆಗೆ ಒಮ್ಮೆ ನೋಡಬೇಕು. ಸಾಮಾನ್ಯ ಲ್ಯಾಂಬ್ಡಾ ಫಂಕ್ಷನ್‌ನ ಒಂದು ಪ್ರತಿ ಒಂದು ಸಮಯಕ್ಕೆ ಒಂದೇ ಕೋರಿಕೆಯನ್ನು ನೋಡಿಕೊಳ್ಳುತ್ತದೆ. ಮುನ್ನೂರು ಜನ ಒಟ್ಟಿಗೆ ಬಂದರೆ ಮುನ್ನೂರು ಪ್ರತಿಗಳು ಎದ್ದು, ಒಂದೊಂದೂ ಪೋಸ್ಟ್‌ಗ್ರೆಸ್‌ಗೆ ತನ್ನದೇ ಸಂಪರ್ಕ ತೆರೆಯುತ್ತದೆ. ಪೋಸ್ಟ್‌ಗ್ರೆಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಸಂಪರ್ಕಗಳ ಮಿತಿ 100. ಅದನ್ನು ಮುಟ್ಟಿದ ಮೇಲೆ ಲಾಗ್‌ನಲ್ಲಿ ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಎಂಬ ದೋಷಸಂದೇಶ ಸಾಲುಸಾಲಾಗಿ ಬೀಳತೊಡಗುತ್ತದೆ, ಅದೂ ಎಲ್ಲರೂ ದರ ಕಾಯುತ್ತಿರುವ ಹೊತ್ತಿನಲ್ಲೇ. ಇದಕ್ಕೆ ಪಿಜಿಬೌನ್ಸರ್‌ನಂಥ ಪೂಲರ್ (ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚುವ ಸಾಧನ) ಇಡಬಹುದು, ಸಂಪರ್ಕಗಳನ್ನು ನೋಡಿಕೊಳ್ಳುವ ಕ್ಲೌಡ್ ಪ್ರಾಕ್ಸಿಯನ್ನೂ ಕೊಳ್ಳಬಹುದು. ಆಗ ಆರೈಕೆ ಮಾಡಬೇಕಾದ ವಸ್ತು ಇನ್ನೊಂದು ಹೆಚ್ಚಾಯಿತು. ಡೇಟಾಬೇಸನ್ನು ಖಾಸಗಿ ಜಾಲದೊಳಗಿಟ್ಟು, ಫಂಕ್ಷನ್‌ಗೆ ಹೊರಗಿನ ಇಂಟರ್ನೆಟ್ಟೂ ಬೇಕೆಂದರೆ ನ್ಯಾಟ್ ಗೇಟ್‌ವೇ (ಖಾಸಗಿ ಜಾಲದಿಂದ ಹೊರಗೆ ಹೋಗುವ ಬಾಗಿಲು) ಬೇಕು. ಅದಕ್ಕೆ ಯಾರೂ ಬಾರದಿದ್ದರೂ ಗಂಟೆಯ ಲೆಕ್ಕದಲ್ಲಿ ಹಣ ಏರುತ್ತದೆ. ಓಡಿದಷ್ಟಕ್ಕೆ ಮಾತ್ರ ಹಣ ಎಂಬ ಮಾತು ಅಲ್ಲಿಗೆ ಸಡಿಲವಾಯಿತು.

ವಲಯದ (ಕ್ಲೌಡ್ ಸರ್ವರ್‌ಗಳು ಇರುವ ಜಾಗದ) ಆಯ್ಕೆಯಲ್ಲೂ ಎಚ್ಚರ ಬೇಕು. ವರ್ಸೆಲ್ ಎಂಬ ಸರ್ವರ್‌ಲೆಸ್ ವೇದಿಕೆಯಲ್ಲಿ ಹೊಸ ಪ್ರಾಜೆಕ್ಟ್‌ನ ಫಂಕ್ಷನ್‌ಗಳು, ನಾವಾಗಿ ಬದಲಿಸದಿದ್ದರೆ, ವಾಷಿಂಗ್ಟನ್ ಡಿಸಿಯ ವಲಯದಲ್ಲಿ ಓಡುತ್ತವೆ. ಡೇಟಾಬೇಸ್ ಮುಂಬೈಯಲ್ಲಿದ್ದರೆ ಪ್ರತಿ ಪ್ರಶ್ನೆಗೂ ಸುಮಾರು 200 ಮಿಲಿಸೆಕೆಂಡ್ ಬರೀ ಹೋಗಿ ಬರುವುದರಲ್ಲೇ ಕಳೆಯುತ್ತದೆ. ಒಂದರ ನಂತರ ಒಂದರಂತೆ ಐದು ಪ್ರಶ್ನೆ ಕೇಳುವ ಪುಟಕ್ಕೆ ಒಂದು ಸೆಕೆಂಡ್ ಹಾಳು. ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ, ಆದರೆ ಬದಲಿಸಬೇಕೆಂದು ಗೊತ್ತಿರಬೇಕು.

ಇನ್ನು ಬಿಲ್ಲು. ಎಡಬಿಡದೆ ಪುಟ ಎಳೆಯುವ ಒಂದು ಬಾಟ್ ಸಾಕು, ಬಳಕೆ ಉಚಿತ ಮಿತಿಯನ್ನು ದಾಟುತ್ತದೆ. ಬಜೆಟ್ ಅಲರ್ಟ್ ಇಮೇಲ್ ಕಳಿಸುತ್ತದೆಯೇ ಹೊರತು ತಾನಾಗಿ ಸೇವೆಯನ್ನು ನಿಲ್ಲಿಸುವುದಿಲ್ಲ. ತಿಂಗಳಿಗೆ ಇಷ್ಟು ಬಾಡಿಗೆ ಎಂದು ಬರೆದುಕೊಟ್ಟರೆ ಸಹಕಾರಿ ಸಂಘದ ಆಡಳಿತ ಮಂಡಳಿ ಒಪ್ಪೀತು. ಎಷ್ಟಾಗುತ್ತದೋ ನೋಡೋಣ ಎಂದರೆ ಯಾರು ಸಹಿ ಹಾಕುತ್ತಾರೆ?

ಬೆಳೆಗಾರನಿಗೆ ಆ್ಯಪ್ ನಿಧಾನ ಎನಿಸುವ ಕಾರಣವಂತೂ ಸರ್ವರಿನಲ್ಲೇ ಇಲ್ಲ. ಘಟ್ಟದ ಕೆಳಗಿನ ಹಳ್ಳಿಯಲ್ಲಿ 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ಸಿಕ್ಕರೆ 1.5 ಎಂಬಿಯ (ಅಂದರೆ 12 ಮೆಗಾಬಿಟ್‌ನ) ಜಾವಾಸ್ಕ್ರಿಪ್ಟ್ ಬಂಡಲ್ (ಆ್ಯಪ್‌ನ ಕೋಡನ್ನು ಒಟ್ಟು ಕಟ್ಟಿದ ಕಡತ) ಇಳಿಯಲು 12 ಸೆಕೆಂಡ್ ಬೇಕು. ಆಮೇಲೆ ಅಗ್ಗದ ಫೋನು ಅದನ್ನು ಓದಿ ಓಡಿಸಬೇಕು. ಪುಟದ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ತೆರೆಯ ಮೇಲೆ ಬರಬೇಕೆಂಬ ಗೂಗಲ್‌ನ ಮಾನದಂಡ ಅಲ್ಲಿ ತಮಾಷೆಯಂತೆ ಕಾಣುತ್ತದೆ. ದರದ ಏರಿಳಿತ ತೋರಿಸುವ ಚಾರ್ಟ್ ಲೈಬ್ರರಿಯನ್ನು ಮೊದಲ ಪುಟದಿಂದ ತೆಗೆದು, ಬೇಕೆಂದವನಿಗೆ ಮಾತ್ರ ಡೈನಾಮಿಕ್ ಇಂಪೋರ್ಟ್ ಮೂಲಕ ಕೊಡಬೇಕು. ದಿನಾಂಕ ತೋರಿಸಲು ಮೊಮೆಂಟ್ ಜೆಎಸ್ ಲೈಬ್ರರಿ ಬೇಡ. ಅದರ ಅಭಿವೃದ್ಧಿ 2020ರಲ್ಲೇ ನಿಂತಿದೆ, ಬ್ರೌಸರ್‌ನಲ್ಲೇ ಇರುವ ಇಂಟ್ಲ್ ಎಂಬ ಸೌಲಭ್ಯ ಸಾಕು. ಫೋನಿನಲ್ಲೇ ಕನ್ನಡ ಫಾಂಟ್ ಇರುವಾಗ ಇನ್ನೊಂದನ್ನು ಇಳಿಸುವುದು ಶೋಕಿ. ಉಳಿದ ಕಡತಗಳಿಗೆ ಬ್ರಾಟ್ಲಿ ಸಂಕುಚನ, ಹೆಸರಿನಲ್ಲಿ ಹ್ಯಾಶ್ (ಕಡತ ಬದಲಾದರೆ ತಾನೂ ಬದಲಾಗುವ ಗುರುತು), ಒಂದು ವರ್ಷದ ಕ್ಯಾಶ್. ಇವಿಷ್ಟನ್ನೂ ಯಾವ ಹೋಸ್ಟಿಂಗ್‌ನಲ್ಲಾದರೂ ಮಾಡಬಹುದು, ಮಾಡದಿದ್ದರೆ ಯಾವ ಹೋಸ್ಟಿಂಗೂ ಉಳಿಸದು.

ಆರೈಕೆಯ ವಾದ ಮಾತ್ರ ಗಟ್ಟಿಯಾಗಿದೆ. ಅಷ್ಟಾದರೂ ಸರ್ವರ್‌ಲೆಸ್‌ನಲ್ಲಿ ಆರೈಕೆಯೇ ಇಲ್ಲವೆಂದಲ್ಲ: ನೋಡ್‌ನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ 30 ತಿಂಗಳ ಬೆಂಬಲ ಮುಗಿದ ಮೇಲೆ ಲ್ಯಾಂಬ್ಡಾ ಕೂಡ ಹಳೆಯ ಆವೃತ್ತಿಯನ್ನು ಕೈಬಿಡುತ್ತದೆ. ವರ್ಚುವಲ್ ಮಷಿನ್‌ನಲ್ಲಿ ಲಿನಕ್ಸ್‌ನ ಸಿಸ್ಟಮ್‌ಡಿ ಬಿದ್ದ ಪ್ರಕ್ರಿಯೆಯನ್ನು ತಾನೇ ಎಬ್ಬಿಸುತ್ತದೆ, ಭದ್ರತಾ ಅಪ್‌ಡೇಟ್‌ಗಳನ್ನು ಸ್ವಯಂಚಾಲಿತವಾಗಿ ಹಾಕಿಸಬಹುದು, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರವನ್ನು ಸರ್ಟ್‌ಬಾಟ್ ಎಂಬ ಸಾಧನ ನವೀಕರಿಸುತ್ತದೆ. ಒಂದೇ ಸೂಕ್ಷ್ಮವಿದೆ: 1 ಜಿಬಿ ಮೆಮೊರಿಯ ಅಗ್ಗದ ಮಷಿನ್‌ನಲ್ಲಿ ಬಿಲ್ಡ್ ಓಡಿಸಿದರೆ ಅರ್ಧದಲ್ಲೇ ‘ಕಿಲ್ಡ್’ ಎಂಬ ಒಂದು ಪದ ಬಂದು ಎಲ್ಲ ನಿಂತುಬಿಡುವುದುಂಟು, ಏಕೆಂದರೆ ಮೆಮೊರಿ ಸಾಲದೆ ಲಿನಕ್ಸ್ ಆ ಪ್ರಕ್ರಿಯೆಯನ್ನು ಕೊಂದಿರುತ್ತದೆ. ಬಿಲ್ಡನ್ನು ಲ್ಯಾಪ್‌ಟಾಪ್‌ನಲ್ಲೋ ಗಿಟ್‌ಹಬ್ ಆ್ಯಕ್ಷನ್ಸ್ ಎಂಬ ಸೇವೆಯಲ್ಲೋ ಮುಗಿಸಿ, ಸಿದ್ಧ ಕಡತಗಳನ್ನು ಹೊಸ ಫೋಲ್ಡರಿಗೆ ನಕಲಿಸಿ, ಕೊನೆಗೆ ಸಿಮ್‌ಲಿಂಕ್ (ಬಳಕೆಯಲ್ಲಿರುವ ಫೋಲ್ಡರನ್ನು ತೋರಿಸುವ ಕೊಂಡಿ) ತಿರುಗಿಸಿ ಪ್ರಕ್ರಿಯೆಯನ್ನು ರೀಸ್ಟಾರ್ಟ್ ಮಾಡಬೇಕು. ಹಳೆಯ ಫೋಲ್ಡರ್ ಅಲ್ಲೇ ಇರುವುದರಿಂದ ಹಿಂದಿನ ಆವೃತ್ತಿಗೆ ಮರಳುವುದಕ್ಕೂ ಸಿಮ್‌ಲಿಂಕನ್ನು ಮತ್ತೆ ತಿರುಗಿಸಿ ರೀಸ್ಟಾರ್ಟ್ ಮಾಡಿದರಾಯಿತು.