ಸೀಳುತುಟಿಯ ಮಕ್ಕಳಿಗಾಗಿ ಓಡುವವರಿಗೆ

ಮಕ್ಕಳ ಸೀಳುತುಟಿ ಆಪರೇಷನ್‌ಗೆ ಹಣ ಕೂಡಿಸಲು ಮ್ಯಾರಥಾನ್ ಓಡಲು ಹೊರಟವರ ಬಗ್ಗೆ ಓದಿ ತುಂಬಾ ಖುಷಿಯಾಯಿತು. 42 ಕಿಲೋಮೀಟರ್ ಓಡುವುದು ಸುಲಭದ ಮಾತಲ್ಲ.

ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ಸೀಳುತುಟಿ ಅಥವಾ ಸೀಳು ಅಂಗುಳ ಇರುತ್ತದೆ. ತುಟಿಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಸರಿ ಮಾಡುತ್ತಾರೆ. ಅಂಗುಳವೂ ಸೀಳಿದ್ದರೆ ಮಗುವಿಗೆ ಹಾಲು ಚೀಪುವುದೇ ಕಷ್ಟ, ತೂಕ ಏರುವುದಿಲ್ಲ, ಕಿವಿಯ ಸೋಂಕೂ ಜಾಸ್ತಿ. ಅಂಗುಳಕ್ಕೆ ಇನ್ನೊಂದು ಆಪರೇಷನ್ ಬೇಕು. ಆಮೇಲೂ ಎಷ್ಟೋ ಮಕ್ಕಳಿಗೆ ಸ್ಪೀಚ್ ಥೆರಪಿ, ಹಲ್ಲಿನ ಚಿಕಿತ್ಸೆ ವರ್ಷಗಟ್ಟಲೆ ನಡೆಯುತ್ತದೆ. ಒಂದೇ ಸಲಕ್ಕೆ ಎಲ್ಲ ಮುಗಿಯುತ್ತದೆ ಅಂದುಕೊಂಡವರೇ ಜಾಸ್ತಿ, ಅಲ್ವಾ? ಹಣ ಕೇಳುವಾಗ ದಯವಿಟ್ಟು ಇದನ್ನೂ ಹೇಳಿ.

ಕೊನೆಯಲ್ಲಿ ಕಾಲು ಸೋತರೆ ನಡೆದೇ ಮುಗಿಸಿ, ಕೂಡಿದ ಹಣವೇನೂ ಕಡಿಮೆಯಾಗುವುದಿಲ್ಲ.