ಕೈಗೆಟಕುವ ಮನೆ, ಕಾರು ಬೇರೆ ಕಡೆ ನಿಲ್ಲಿಸಿ

ಮನೆ ತುಟ್ಟಿಯಾಯಿತು ಎಂದು ಗೋಳಾಡುವವರು ಬಿಲ್ಡರ್‌ಗೆ ಬೈಯುತ್ತಾರೆ, ಬ್ರೋಕರ್‌ಗೆ ಬೈಯುತ್ತಾರೆ, ಗಲ್ಫ್ ದುಡ್ಡಿಗೆ ಬೈಯುತ್ತಾರೆ. ಸರಕಾರದ ಹೆಸರನ್ನೇ ಎತ್ತುವುದಿಲ್ಲ. ಇದು ದೊಡ್ಡ ಅನ್ಯಾಯ. ಮಂಗಳೂರು, ಉಡುಪಿ ಕಡೆ ಐದು ಸೆಂಟ್ಸ್ (ಎಕರೆಯ ನೂರನೇ ಒಂದು ಪಾಲು ಒಂದು ಸೆಂಟ್ಸ್) ಜಾಗದ ರೇಟು ಇಷ್ಟು ಎತ್ತರಕ್ಕೆ ಏರಿದ್ದರಲ್ಲಿ ಸರಕಾರದ ಪರಿಶ್ರಮ ಸಣ್ಣದಲ್ಲ. ಸಲ್ಲಬೇಕಾದ ಶ್ರೇಯಸ್ಸು ಅದಕ್ಕೆ ಸಲ್ಲಲೇಬೇಕು.

ಮೊದಲು ಮಾರ್ಗಸೂಚಿ ಬೆಲೆಯಿಂದ ಶುರು ಮಾಡುವ. ಯಾವ ಊರಿನ ಯಾವ ರಸ್ತೆಯ ಜಾಗ ಕನಿಷ್ಠ ಎಷ್ಟು ಬಾಳುತ್ತದೆ ಎಂದು ಸರಕಾರ ಬರೆದಿಟ್ಟ ಪಟ್ಟಿ ಅದು. ಮುದ್ರಾಂಕ ಶುಲ್ಕ ಕಟ್ಟುವಾಗ ನಿಮ್ಮ ವ್ಯವಹಾರದ ಬೆಲೆ, ಪಟ್ಟಿಯ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಲೆಕ್ಕ. 2023ರ ಅಕ್ಟೋಬರ್ 1ರಿಂದ ರಾಜ್ಯವಿಡೀ ಪಟ್ಟಿ ಪರಿಷ್ಕರಣೆಯಾಯಿತು. ಪರಿಷ್ಕರಣೆ ಎಂದರೆ ಯಾವ ದಿಕ್ಕಿಗೆ ಎಂದು ಯಾರೂ ಕೇಳುವುದಿಲ್ಲ. ಮರುದಿನ ಬ್ರೋಕರ್ ಬಾಯಲ್ಲಿ ಒಂದೇ ಮಾತು: "ಗವರ್ನಮೆಂಟೇ ಇಷ್ಟು ಹೇಳಿದ ಮೇಲೆ ಪಾರ್ಟಿ ಕಡಿಮೆಗೆ ಕೊಡ್ತಾರಾ ಮಾರಾಯ್ರೆ?" ಪಾರ್ಟಿ ಕೊಡುವುದಿಲ್ಲ. ಹೊಸ ರೇಟಿನಲ್ಲಿ ನಾಲ್ಕಾರು ರಿಜಿಸ್ಟ್ರೇಶನ್ ಆಗುತ್ತದೆ. ಮುಂದಿನ ಸಲ ಮೌಲ್ಯಮಾಪನ ಸಮಿತಿ ಕುಳಿತಾಗ ಅದೇ ದಸ್ತಾವೇಜುಗಳನ್ನು ನೋಡಿ, "ಮಾರುಕಟ್ಟೆ ಏರಿದೆ" ಎಂದು ಬರೆದುಕೊಳ್ಳುತ್ತದೆ.

ಒಂದು ಲೆಕ್ಕ ಹಾಕುವ. ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಐದು ಸೆಂಟ್ಸ್, ಸೆಂಟ್ಸಿಗೆ 3 ಲಕ್ಷ, ಒಟ್ಟು 15 ಲಕ್ಷ. ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ 30ರ ತನಕ ಶೇ. 1 ಇತ್ತು, 31ರಿಂದ ಶೇ. 2. ಅಂದರೆ 99,750 ರೂಪಾಯಿಯ ಕೆಲಸ 1,14,750ಕ್ಕೆ ಏರಿತು. ಅದೇ ಕೌಂಟರು, ಅದೇ ಹೆಬ್ಬೆಟ್ಟು, ಅದೇ ಕಣ್ಣು ಮುಚ್ಚಿದ ಹಾಗೆ ಬರುವ ಫೋಟೊ. ಹೆಚ್ಚುವರಿ ಹದಿನೈದು ಸಾವಿರ. ಇದಾಗಿ ಮೂರೇ ವಾರಕ್ಕೆ, ಸೆಪ್ಟೆಂಬರ್ 22ಕ್ಕೆ, ಕೇಂದ್ರದವರು ಸಿಮೆಂಟಿನ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿದರು. ಸಿಮೆಂಟ್ ಅಗ್ಗವಾಯಿತೆಂದು ಖುಷಿಪಡುವವನ ಬಳಿ ಅಷ್ಟು ಹೊತ್ತಿಗೆ ಸಿಮೆಂಟಿಗೆ ದುಡ್ಡು ಉಳಿದಿರಲಿಲ್ಲ, ಅಷ್ಟೆ.

ಹಾಗಾದರೆ ಕಡಿಮೆಗೆ ಕೊಡುವವರು ಸಿಕ್ಕಿದರೆ? ದಯವಿಟ್ಟು ಹುಷಾರು. ಆಸ್ಪತ್ರೆ ಖರ್ಚಿಗೆಂದು ಒಬ್ಬರು 15 ಲಕ್ಷದ ಪಟ್ಟಿಯ ಜಾಗವನ್ನು 12 ಲಕ್ಷಕ್ಕೆ ಬಿಟ್ಟುಕೊಟ್ಟರು ಎಂದಿಟ್ಟುಕೊಳ್ಳಿ. ಮುದ್ರಾಂಕ ಹೇಗೂ 15ರ ಮೇಲೆ. ಅಲ್ಲಿಗೆ ಮುಗಿಯುವುದಿಲ್ಲ. ಪಟ್ಟಿಯ ಬೆಲೆ ವ್ಯವಹಾರದ ಬೆಲೆಗಿಂತ ಶೇ. 10ಕ್ಕಿಂತ ಹೆಚ್ಚಾಗಿದ್ದರೆ ಆದಾಯ ತೆರಿಗೆಯ ಕಾನೂನು ಒಳಗೆ ಬರುತ್ತದೆ. ಕೊಂಡವನಿಗೆ ಉಳಿದ 3 ಲಕ್ಷ ಅವನ ಆ ವರ್ಷದ ಆದಾಯ. ಮಾರಿದವನಿಗೆ ಅವನು ಪಡೆದದ್ದು 15 ಲಕ್ಷ ಎಂದೇ ಲಾಭದ ಲೆಕ್ಕ. ಒಬ್ಬ ಕೊಡದ, ಇನ್ನೊಬ್ಬ ಪಡೆಯದ ಅದೇ ಮೂರು ಲಕ್ಷಕ್ಕೆ ಇಬ್ಬರೂ ತೆರಿಗೆ ಕಟ್ಟಬೇಕು. ಒಪ್ಪಿಗೆ ಇಲ್ಲದವರು ಮೌಲ್ಯಮಾಪನ ಅಧಿಕಾರಿಗೆ ಕಳಿಸಿ ಎಂದು ಕೇಳಬಹುದು. ಆದರೆ ಆಸ್ಪತ್ರೆಯಲ್ಲಿ ಮಲಗಿದವರು ಅಷ್ಟು ದಿನ ಕಾಯಬೇಕಲ್ಲ. ಜಾಗದ ಬೆಲೆ ಇಳಿಯುವುದೇ ಇಲ್ಲ ಯಾಕೆ ಎಂದು ಆಶ್ಚರ್ಯಪಡುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಲಿ: ನಮ್ಮಲ್ಲಿ ಅಗ್ಗಕ್ಕೆ ಕೊಟ್ಟರೂ ದಂಡ, ಕೊಂಡರೂ ದಂಡ.

ಜಾಗದ ತಂಟೆಯೇ ಬೇಡ, ಫ್ಲ್ಯಾಟ್ ತೆಗೆದುಕೊಳ್ಳುವ ಎಂದರೆ ಅಲ್ಲಿ ಸರಕಾರ "ಕೈಗೆಟಕುವ ಮನೆ" ಎಂಬ ಜಾತಿಯನ್ನೇ ಸೃಷ್ಟಿಸಿಟ್ಟಿದೆ. 2019ರ ಏಪ್ರಿಲ್‌ನಲ್ಲಿ ಎಳೆದ ಗೆರೆ ಇದು. ಕಟ್ಟುತ್ತಿರುವ ಫ್ಲ್ಯಾಟಿನ ಒಟ್ಟು ಬೆಲೆ 45 ಲಕ್ಷದೊಳಗೆ, ಕಾರ್ಪೆಟ್ ವಿಸ್ತೀರ್ಣ (ಗೋಡೆಗಳ ಒಳಗೆ ಬಳಸಲು ಸಿಗುವ ಜಾಗ) ಮೆಟ್ರೊ ನಗರದಲ್ಲಿ 60 ಚದರ ಮೀಟರ್, ಬೇರೆ ಕಡೆ 90 ಚದರ ಮೀಟರ್ ಒಳಗಿದ್ದರೆ ಜಿಎಸ್‌ಟಿ ಶೇ. 1. ಮೀರಿದರೆ ಶೇ. 5. (ಮಂಗಳೂರು ಬೋರ್ಡಿನ ಮೇಲೆ ಮಹಾನಗರವಾದರೂ ತೆರಿಗೆಯ ಕಣ್ಣಿಗೆ ಅಲ್ಲ, ಹಾಗಾಗಿ ನಮಗೆ 90. ಇದೊಂದು ಲಾಭವನ್ನು ಒಪ್ಪಿಕೊಳ್ಳಬೇಕು.) ರಾಜ್ಯವೂ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಅದೇ 45 ಲಕ್ಷಕ್ಕೆ ಗೆರೆ ಎಳೆದಿದೆ. ಒಳಗಿದ್ದರೆ ಮುದ್ರಾಂಕ ಶೇ. 3, ಹೊರಗಿದ್ದರೆ ಶೇ. 5.

ಈಗ 45 ಲಕ್ಷದ ಫ್ಲ್ಯಾಟಿಗೆ ಒಂದೇ ಒಂದು ಸಾವಿರ ಜಾಸ್ತಿ ಮಾಡಿ ನೋಡಿ. ಜಿಎಸ್‌ಟಿ 45,000 ಇದ್ದದ್ದು 2,25,050. ಮುದ್ರಾಂಕ 1,35,000 ಇದ್ದದ್ದು 2,25,050, ಅದಕ್ಕೆ ತಕ್ಕಂತೆ ಸೆಸ್, ಸರ್‌ಚಾರ್ಜ್ ಬೇರೆ. ಎಲ್ಲ ಕೂಡಿಸಿದರೆ ಸಾವಿರ ರೂಪಾಯಿಯ ಮೇಲೆ ಎರಡು ಲಕ್ಷದ ಎಂಬತ್ತು ಸಾವಿರಕ್ಕೂ ಹೆಚ್ಚು. ಇಷ್ಟು ಬಡ್ಡಿ ಮೀಟರ್ ಬಡ್ಡಿಯವರೂ ಹಾಕುವುದಿಲ್ಲ.

ಆ ಒಂದು ಸಾವಿರ ಎಲ್ಲಿಂದ ಬರುತ್ತದೆ? ಪಾರ್ಕಿಂಗಿನಿಂದ. ಜಿಎಸ್‌ಟಿಯ ಒಟ್ಟು ಬೆಲೆಯಲ್ಲಿ ಪಾರ್ಕಿಂಗ್, ಮೇಲಿನ ಮಹಡಿಗೆ ಕೇಳುವ ಹೆಚ್ಚುವರಿ, ಅಭಿವೃದ್ಧಿ ಶುಲ್ಕ ಎಲ್ಲವೂ ಸೇರುತ್ತವೆ. ಫ್ಲ್ಯಾಟಿಗೆ 43 ಲಕ್ಷ, ಕೆಳಗೆ ಕಾರು ನಿಲ್ಲಿಸುವ ಚೌಕಕ್ಕೆ ಎರಡೂವರೆ ಲಕ್ಷ ಆದರೆ ಆ ಮನೆ ಕೈಗೆಟಕುವುದಿಲ್ಲ. ಚೌಕ ಬಿಟ್ಟರೆ ಕೈಗೆಟಕುತ್ತದೆ. ಕದ್ರಿ, ಬಿಜೈ, ಮಣಿಪಾಲದ ಓಣಿಗಳಲ್ಲಿ ರಾತ್ರಿ ಎರಡೂ ಬದಿ ಸಾಲಾಗಿ ನಿಂತ ಕಾರುಗಳನ್ನು ಕಂಡಾಗ ಟ್ರಾಫಿಕ್ ಪೊಲೀಸರು ಸಿಟ್ಟಾಗಬಾರದು. ಅವೆಲ್ಲ ಕೈಗೆಟಕುವ ವಸತಿ ನೀತಿಯ ಫಲಾನುಭವಿಗಳು.

ಇನ್ನು ಅಪ್ಪನ ಪಾಲಿನಲ್ಲಿ ಐದು ಸೆಂಟ್ಸ್ ಸಿಕ್ಕಿದವನಿಗೆ ಜಾಗ ಕೊಳ್ಳುವ ಖರ್ಚಿಲ್ಲ. ಇವನೇ ಪುಣ್ಯವಂತ ಎಂದು ತಿಳಿದವರು 9/11 ಕೇಳಿಲ್ಲ. ಮೊದಲು ಸರ್ವೆಯ 11ಇ ನಕ್ಷೆ, ಎಂದರೆ ಪಾಲಾದ ತುಂಡಿನ ಅಳತೆ. ಆಮೇಲೆ ಕನ್ವರ್ಶನ್, ಎಂದರೆ ಕೃಷಿ ಜಾಗವನ್ನು ಮನೆ ಜಾಗ ಮಾಡಿಸುವುದು. ಆಮೇಲೆ ಏಕನಿವೇಶನ ವಿನ್ಯಾಸ ಅನುಮೋದನೆ, ಎಂದರೆ ಒಂದೇ ಮನೆಯ ಲೇಔಟ್. ಅದು ಸಿಕ್ಕಿದರೆ ಪಂಚಾಯತಿನಲ್ಲಿ ಸೊತ್ತಿನ ದಾಖಲೆಯಾದ ನಮೂನೆ 9 ಮತ್ತು 11, ಅದೇ 9/11. ಅದಿಲ್ಲದೆ ಪರವಾನಗಿ ಇಲ್ಲ, ಬ್ಯಾಂಕಿನವರು ಕುರ್ಚಿಯನ್ನೂ ತೋರಿಸುವುದಿಲ್ಲ.

ಕೆಡುವುದು ಎಲ್ಲಿ ಎಂದರೆ ಎಲ್ಲ ಕಡೆ. ಆರ್‌ಟಿಸಿಯಲ್ಲಿ ಐದು ಸೆಂಟ್ಸ್, ಅಳೆದರೆ ನಾಲ್ಕೂಮುಕ್ಕಾಲು. ಖಾತೆ ಇನ್ನೂ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿ, ಒಬ್ಬ ಮುಂಬೈಯಲ್ಲಿ. ಎಲ್ಲಕ್ಕಿಂತ ದೊಡ್ಡದು ದಾರಿ. ಬಯಲುಸೀಮೆಯ ಚೌಕಾಕಾರದ ಬಡಾವಣೆ ಕಂಡವರು ಬರೆದ ನಿಯಮ ಇದು. ನಮ್ಮಲ್ಲಿ ಒಂದು ಮನೆ ಗುಡ್ಡೆಯ ಮೇಲೆ, ಇನ್ನೊಂದು ತೋಟದ ಆಚೆ. ನಡುವೆ ಇರುವುದು ಓಣಿ, ಇಲ್ಲವೇ ಗದ್ದೆಯ ಹುಣಿ. ನಿಯಮ ಕೇಳುವಷ್ಟು ಅಗಲ ಇಲ್ಲದಿದ್ದರೆ ನಿಮ್ಮದರಲ್ಲೇ ರಸ್ತೆಗೆ ಬಿಡಬೇಕು. ಮುಂಭಾಗ 45 ಅಡಿ ಇದ್ದು ಆರಡಿ ಬಿಟ್ಟರೆ 270 ಚದರಡಿ, ಅಂದರೆ 0.62 ಸೆಂಟ್ಸ್ ಹೋಯಿತು. ಆಚೆ ಈಚೆಯವರು ಬಿಟ್ಟಿಲ್ಲವಾದ ಕಾರಣ ನಿಮ್ಮ ಗೇಟಿನ ಎದುರು ಮಾತ್ರ ಆರಡಿ ಅಗಲ ಜಾಸ್ತಿಯಾದ, ಎಲ್ಲಿಂದಲೂ ಬಾರದ, ಎಲ್ಲಿಗೂ ಹೋಗದ ಹೆದ್ದಾರಿ. ಅಲ್ಲಿ ಸದ್ಯಕ್ಕೆ ಕೊತ್ತಲಿಂಗೆ ಒಣಗಿಸಬಹುದು.

ಈ ಅಲೆದಾಟ ಸಾಕೆಂದವನು ಅಪ್ಪನ ಜಾಗ ಹಡಿಲು ಬಿಟ್ಟು, ಡೆವಲಪರ್ ಮಾಡಿದ ಅನುಮೋದಿತ ಲೇಔಟಿನಲ್ಲಿ ಸೆಂಟ್ಸಿಗೆ ಕೇಳಿದಷ್ಟು ಕೊಟ್ಟು ಸೈಟು ಕೊಳ್ಳುತ್ತಾನೆ. ಅಗ್ಗದ ಜಾಗ ಕಡತದಲ್ಲಿ ಸಿಕ್ಕಿಬಿದ್ದಷ್ಟೂ ಕಡತ ದಾಟಿದ ಜಾಗಕ್ಕೆ ರೇಟು. ಡೆವಲಪರ್ ಮಾರುವುದು ಮಣ್ಣಲ್ಲ, ಸೀಲು.

ಬಡವರಿಗೆ ಯೋಜನೆಗಳಿವೆ. 2022ರೊಳಗೆ ಎಲ್ಲರಿಗೂ ಸೂರು ಎಂದು 2015ರಲ್ಲಿ ಶುರುವಾದ ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಗೆ 2024ರಲ್ಲಿ ಎರಡನೇ ಆವೃತ್ತಿ ಬಂತು. ಓಡಿದ ಪಿಕ್ಚರಿಗೆ ಪಾರ್ಟ್ ಟು ಬರುವುದು ಸಹಜ. ರಾಜ್ಯದ ಬಸವ ವಸತಿಯಲ್ಲಿ ಹಳ್ಳಿಯ ಸಾಮಾನ್ಯ ವರ್ಗಕ್ಕೆ 1.20 ಲಕ್ಷ, ಕಂತಿನಲ್ಲಿ. ಮೊದಲು ನಿಮ್ಮ ದುಡ್ಡಿನಲ್ಲಿ ತಳಪಾಯ ಹಾಕಬೇಕು, ಜಿಪಿಎಸ್ ಫೋಟೊ ಅಪ್ಲೋಡ್ ಆಗಬೇಕು, ಆಮೇಲೆ ಕಂತು. ಫೋಟೊದ ಸ್ಥಳ ಮೊದಲಿನದಕ್ಕೆ ಹೊಂದದಿದ್ದರೆ ಕಂತು ಅಲ್ಲೇ ನಿಲ್ಲುತ್ತದೆ. ತಳಪಾಯಕ್ಕೆ ಕೈಸಾಲ ಮಾಡುವಷ್ಟು ಪರಿಚಯಸ್ಥರಿಲ್ಲದ ಬಡವ ಈ ಯೋಜನೆಗೆ ಸ್ವಲ್ಪ ಜಾಸ್ತಿಯೇ ಬಡವ.

ಕಂತು ಬಂದರೂ ಕಲ್ಲು, ಹೊಯಿಗೆ (ಮರಳು) ಬೇಕಲ್ಲ. 2025ರ ಮಳೆಗಾಲದ ಹೊತ್ತಿಗೆ ದಕ್ಷಿಣ ಕನ್ನಡದಲ್ಲಿ ಕೆಂಪು ಕಲ್ಲೂ ಇಲ್ಲ, ಹೊಯಿಗೆಯೂ ಇಲ್ಲ ಎಂದಾಗಿ ಮೇಸ್ತ್ರಿಗಳು, ಕೂಲಿಯವರು ಬೀದಿಗಿಳಿದರು. ಅಕ್ರಮ ತಡೆದದ್ದು ಸರಿಯೇ. ಸಕ್ರಮದ ದಾರಿ ಎಷ್ಟು ಅಗಲ ಇದೆ ಎಂದು ಮಾತ್ರ ಯಾರೂ ಅಳೆದಿರಲಿಲ್ಲ. ಆ ದಾರಿಗೂ ಏಕನಿವೇಶನ ಅನುಮೋದನೆ ಸಿಗುವುದು ಕಷ್ಟ. ಅದರಲ್ಲೂ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯ ನದಿಗಳಲ್ಲಿ ಮರಳುಗಾರಿಕೆ ಎಂಬುದೇ ಇಲ್ಲ. ಅಲ್ಲಿರುವುದು "ದಿಬ್ಬ ತೆರವು". ನೇತ್ರಾವತಿಯಲ್ಲಿ, ಸ್ವರ್ಣೆಯಲ್ಲಿ ಮರಳು ರಾಶಿ ಬಿದ್ದು ಮೀನುಗಾರಿಕೆ ದೋಣಿಗಳಿಗೆ ಅಡ್ಡಿಯಾಗುತ್ತದೆ ಎಂಬ ಕಾರಣಕ್ಕೆ, ಸಾಂಪ್ರದಾಯಿಕವಾಗಿ ಆ ಕೆಲಸ ಮಾಡುವವರು, ಯಂತ್ರ ಇಳಿಸದೆ, ಕೈಯಿಂದ ತೆಗೆಯಬಹುದು. ಅಂದರೆ ಕರಾವಳಿಯಲ್ಲಿ ಹೊಯಿಗೆ ಹುಟ್ಟುವುದು ಮನೆಗಾಗಿ ಅಲ್ಲ, ದೋಣಿಯ ಅನುಕೂಲಕ್ಕೆ.

ಆದ್ದರಿಂದ ಮನೆ ಕಟ್ಟಹೊರಟವರು ಮೊದಲು ಒಂದು ದೋಣಿ ತೆಗೆದುಕೊಳ್ಳುವುದು ಒಳ್ಳೆಯದು. ದೋಣಿಗೆ 9/11 ಬೇಡ, ಕನ್ವರ್ಶನ್ ಬೇಡ, ಎದುರಿಗೆ ರಸ್ತೆ ಬಿಡುವ ಕೆಲಸವಿಲ್ಲ. ಮಳೆಗಾಲದಲ್ಲಿ ಹೇಗೂ ದಡಕ್ಕೆ ಎಳೆದು ಕವುಚಿ ಹಾಕುತ್ತಾರೆ. ಮೇಲೆ ನಾಲ್ಕು ತೆಂಗಿನ ಮಡಲು ಹೊದೆಸಿದರೆ ಅಡಿಯಲ್ಲಿ ಇಬ್ಬರು ಮಲಗಬಹುದು.